ಬಾನಿಯ ಹಸಿರು ಯಾರ ಕಡೆ

ವಾದದಲ್ಲಿ ಗೆಲ್ಲುವ ಚಟವೂ ಒಂದು ರೋಗ. ನನಗದು ಅಂಟಿದ್ದು ಹೈದರಾಬಾದಿನ ಕಾಲೇಜಿನ ಚರ್ಚಾಕೂಟದಲ್ಲಿ. ಎದುರಾಳಿ ಬಾಯಿ ತೆರೆಯುವ ಮುನ್ನವೇ 'ಮೊದಲು ವ್ಯಾಖ್ಯೆ ಹೇಳಿ' ಎಂದು ಮೇಲೆ ಬೀಳುವುದು ನನ್ನ ವರಸೆ. ತಾಂಡೂರಿನಲ್ಲಿ ನಿಜಾಮ ಸರ್ಕಾರದ ಶಾಲೆಗೆ ಮಾಸ್ತರನಾಗಿ ಬಂದು, ಒಂಟಿಯಾಗಿದ್ದ ಸೋದರತ್ತೆಯ ಮನೆಯಲ್ಲಿ ಬಿಸಿ ರೊಟ್ಟಿ ತಿನ್ನುತ್ತಿದ್ದಾಗಲೂ ಆ ರೋಗ ವಾಸಿಯಾಗಿರಲಿಲ್ಲ.

ಆ ಬೇಸಿಗೆಯಲ್ಲಿ ಅಂಗಳದ ಕಲ್ಲುಬಾನಿಯ ನೀರು ಹಸಿರಾಯಿತು. ಹಸಿರಾದರೆ ಚೆಲ್ಲಿದರಾಯಿತು. ಆದರೆ ಈ ಹಸಿರು ಅತ್ತೆ ಕೂತು ಪಾತ್ರೆ ತಿಕ್ಕುವ ಮಗ್ಗುಲಿಗೇ ಬಂದು ಗುಂಪುಗೂಡುತ್ತಿತ್ತು. ಕೋಲಿನಿಂದ ಕಲಕಿದರೂ ಸದ್ದಿಲ್ಲದೆ ಅಲ್ಲಿಗೇ ಮರಳುತ್ತಿತ್ತು.

"ಸತ್ತ ನಮ್ಮತ್ತಿನೇ ಬಂದಾಳ ತಮ್ಮಾ. ಬಾನಿ ಆಕೀದು. ನಾ ಮನಿಗಿ ಕೀಲಿ ಹಾಕಿ ಬಶೀರಾಬಾದಿಗಿ ಮಗಳ ಬಲ್ಲಿ ಹೋಗ್ತೀನಿ," ಎಂದರು ಅತ್ತೆ.

ನನ್ನ ರೊಟ್ಟಿಗೇ ಕುತ್ತು! ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ಉರ್ದುವಿನಲ್ಲಿ ಕಲಿತದ್ದನ್ನು ನಮ್ಮ ಮಾತಿಗಿಳಿಸಿ ಹೇಳಿದೆ: "ಅತ್ತಿ, ಇದು ಹಸಿರು ಪಾಚಿ. ಇದರಾಗ ದಾರದಂಥವು ಅವ, ಚೆಂಡಿನಂಗ ಗುಂಪು ಕಟ್ಟಿದವು ಅವ, ಸಮುದ್ರದಾಗ ಎಲಿಯಂಥವೂ ಅವ. ಎಲ್ಲಾ ಗಿಡದಂಗ ಬಿಸಿಲು ಉಂಡು ಹೊಟ್ಟ್ಯಾಗ ಪಿಷ್ಟ ಕೂಡಿಡ್ತಾವ. ನಮ್ಮ ಬಾನ್ಯಾಗಿನವು ಒಂದೇ ಕೋಶದವು. ಎರಡು ಬಾಲ, ಒಂದು ಕೆಂಪು ಕಣ್ಣು. ನೀವು ಕೂಡೋ ಕಡೆ ಬೆಳಕು ಜಾಸ್ತಿ, ಅದಕ್ಕ ಈಜಿ ಬರ್ತಾವ."

ಅತ್ತೆಯ ಕೈಯಲ್ಲಿದ್ದ ಬೂದಿ ಜಾರಿತು. "ಒಂದೇ ಕಣ್ಣಾ? ನಮ್ಮತ್ತೀಗೂ ಒಂದೇ ಇತ್ತಪ್ಪಾ!"

ಅತ್ತೆಯ ಆ ಅತ್ತೆಯನ್ನು ನಾನು ಕಂಡವನಲ್ಲ. ಚರ್ಚಾಕೂಟದಲ್ಲಿ ಇಂಥ ಪಾಟೀಸವಾಲನ್ನು ಯಾರೂ ಹಾಕಿರಲಿಲ್ಲ. ಪುರಾವೆಯನ್ನೇ ತೋರಿಸುತ್ತೇನೆಂದು ಆ ನೀರನ್ನು ಗಾಜಿನ ಶೀಸೆಗೆ ತುಂಬಿ ನನ್ನ ಕೋಣೆಯ ಕಿಟಕಿಯಲ್ಲಿಟ್ಟೆ. ಹಸಿರು ಕಿಟಕಿಯತ್ತ ಸೇರಿತು. ಶೀಸೆ ತಿರುಗಿಸಿಟ್ಟೆ, ಮತ್ತೆ ಕಿಟಕಿಯತ್ತಲೇ ಹೋಯಿತು. "ನೋಡ್ರಿ ಅತ್ತಿ!" ಎಂದು ಬೀಗಿದೆ.

ಅಷ್ಟರಲ್ಲಿ ಮೋಡ ಸರಿದು ಬಿಸಿಲು ನೇರ ಶೀಸೆಗೆ ಬಡಿಯಿತು. ಹಸಿರು ಕಿಟಕಿಯನ್ನು ಬಿಟ್ಟಿತು. ನೀರೊಳಗೆ ಹೊಗೆಯಾಡಿದಂತೆ ನಿಧಾನಕ್ಕೆ ಈಚೆ ಬಂತು, ನಾನು ನಿಂತಿದ್ದ ಕಡೆಗೆ.

"ಬಿಸಿಲು ಅತಿಯಾದ್ರ ಹಿಂದ ಸರೀತಾವ. ಪುಸ್ತಕದಾಗ ಅದ," ಎಂದೆ. ಆ ಧ್ವನಿ ನನ್ನದೆಂದು ನನಗೇ ಗುರುತು ಹತ್ತಲಿಲ್ಲ.

ಅತ್ತೆಯ ಮುಖ ಅರಳಿತು. "ಆತು ಬಿಡು, ನನ್ನ ಬಿಟ್ಟು ನಿನ್ನ ಹಿಡಿದಾಳ. ಬಾನಿ ತೊಳೀತೀನಿ. ಇನ್ನ ನಾ ಯಾಕ ಬಶೀರಾಬಾದಿಗಿ ಹೋಗಲಿ?"

ರೊಟ್ಟಿ ಉಳಿಯಿತು. ವಾದದಲ್ಲೂ ನಾನೇ ಸರಿ. ಬೇಕಾದರೆ ಪುಟ ತೆಗೆದು ತೋರಿಸಬಲ್ಲೆ. ಶೀಸೆ ಇನ್ನೂ ಕಿಟಕಿಯಲ್ಲೇ ಇದೆ, ಚೆಲ್ಲಿದರೆ ಸೋತಂತಾಗುತ್ತದಲ್ಲ! ಅದಕ್ಕೆ ಬೆನ್ನು ಹಾಕಿ ಮಾತ್ರ ನಾನು ಕೂರುವುದಿಲ್ಲ. ಓದಲು ಬೆಳಕು ಬೇಕಲ್ಲ, ಅಷ್ಟಕ್ಕೇ.