ಮಾವನ ಹಳದಿ ಕಾರ್ಡು

ನಮ್ಮ ಸೋದರಮಾವ ತಮ್ಮ ಅರವತ್ತೆಂಟು ವರ್ಷಗಳಲ್ಲಿ ಒಬ್ಬರ ಮುಖವನ್ನೂ ಸರಿಯಾಗಿ ನೋಡಿದವರಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕಟ್ಟಿಕೊಂಡ ಹೆಂಡತಿಯ ಮೂಗು ಚೂಪೋ ಮೊಂಡೋ ಎಂದು ಕೇಳಿ ನೋಡಿ, ತಡವರಿಸುತ್ತಾರೆ! ಆದರೆ ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಯಾರ ಕಣ್ಣಿನ ಬಿಳಿಗುಡ್ಡೆ ಎಷ್ಟು ಬಿಳುಪು ಎಂದು ಕೇಳಿ, ಮನೆ ನಂಬರ್ ಸಮೇತ ಒಪ್ಪಿಸುತ್ತಾರೆ. ಎದುರಾದವರಿಗೆ ಅವರು ನಮಸ್ಕಾರ ಹೇಳುವುದಿಲ್ಲ. ಹೆಬ್ಬೆರಳು ಚಾಚಿ, ಎದುರಿಗಿದ್ದವರ ಕೆಳರೆಪ್ಪೆ ಎಳೆದು, "ಮೇಲ್ ನೋಡು" ಅನ್ನುತ್ತಾರೆ. ಅದೇ ಅವರ ನಮಸ್ಕಾರ, ಅದೇ ಕುಶಲ ಪ್ರಶ್ನೆ.

ಇದಕ್ಕೆಲ್ಲ ಕಾರಣ ಅವರಮ್ಮ, ಅಂದರೆ ನನ್ನ ಅಜ್ಜಿ. ಊರಲ್ಲಿದ್ದಾಗ ಅಜ್ಜಿ ಕಾಮಾಲೆಗೆ ಔಷಧಿ ಕೊಡುತ್ತಿದ್ದರು. ಸಾಯುವ ಮುಂಚೆ ಮಗನನ್ನು ಕೂರಿಸಿಕೊಂಡು ಗಿಡ ತೋರಿಸಿ, ಮೂರು ಕಟ್ಟಳೆ ಹೇಳಿ ಹೋದರಂತೆ. ಔಷಧಿಗೆ ಯಾರ ಹತ್ತಿರವೂ ಏನನ್ನೂ ಇಸಿದುಕೊಳ್ಳಬಾರದು. ಗಿಡದ ಹೆಸರನ್ನು ಬಾಯಿ ಬಿಟ್ಟು ಹೇಳಬಾರದು, ಹೇಳಿದರೆ ಕೈಗುಣ ಹೋಗುತ್ತದೆ. ಮೂರನೆಯದು, ಮೂರೇ ಭಾನುವಾರ. ಮೂರು ಭಾನುವಾರದಲ್ಲಿ ಹಳದಿ ಇಳಿಯದಿದ್ದರೆ ಅದು ನಮ್ಮ ಕೈ ಮೀರಿದ್ದು, ದೊಡ್ಡಾಸ್ಪತ್ರೆಗೆ ಕಳಿಸು.

ಅಜ್ಜಿ ಕೊಟ್ಟದ್ದು ಇಷ್ಟು. ಉಳಿದದ್ದನ್ನು ಕೊಟ್ಟದ್ದು ಪೀಣ್ಯ! ಮಾವ ಅಲ್ಲಿನ ಒಂದು ಸಣ್ಣ ಶೆಡ್ಡಿನಲ್ಲಿ ಮೂವತ್ತೈದು ವರ್ಷ ಲೇತ್ ಓಡಿಸಿದವರು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಪೀಸನ್ನು ಮೂಲೆಗೆ ಎಸೆಯುತ್ತಿದ್ದ ಮನುಷ್ಯ, "ಕಣ್ಣು ಸ್ವಲ್ಪ ಹಳದಿ ಇದೆ" ಎಂಬ ಮಾತನ್ನು ಸಹಿಸುತ್ತಾರೆಯೇ? "ಸ್ವಲ್ಪ ಅಂದ್ರೆ ಎಷ್ಟು? ಅಳತೆ ಇಲ್ವಾ?" ಪಕ್ಕದ ಶೆಡ್ಡಿನಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹಾಕುವ ಗೆಳೆಯನಿಂದ ಬಣ್ಣ ತೋರಿಸುವ ಕಾರ್ಡೊಂದನ್ನು ತಂದರು. ಅದರಲ್ಲಿ ಮೊದಲ ಚೌಕ ಅಪ್ಪಟ ಬಿಳಿ. ಆಮೇಲೆ ಒಂದಕ್ಕಿಂತ ಒಂದು ಗಾಢವಾದ ಐದು ಹಳದಿ. ಮಾವ ಅವಕ್ಕೆ ತಾವೇ ನಾಮಕರಣ ಮಾಡಿದರು: ಕೆನೆ, ಬೆಣ್ಣೆ, ನಿಂಬೆಹಣ್ಣು, ಆಟೋ, ಜೆಸಿಬಿ. ಕೆನೆಯಾದರೆ ಅಮೃತಬಳ್ಳಿ ಕಷಾಯ ಸಾಕು. ಬೆಣ್ಣೆಯಾದರೆ ಭಾನುವಾರದ ಔಷಧಿ. ನಿಂಬೆಹಣ್ಣಾದರೆ ಮೊದಲು ರಕ್ತಪರೀಕ್ಷೆಯ ಚೀಟಿ ತರಬೇಕು, ಆಮೇಲೇ ಔಷಧಿ. ಆಟೋ ಬಣ್ಣಕ್ಕೆ ಮಾವ ಕೈ ಹಚ್ಚುವುದಿಲ್ಲ, ನೇರ ಆಸ್ಪತ್ರೆ. ಜೆಸಿಬಿ ಬಣ್ಣದ ಕಣ್ಣನ್ನು ಅವರು ಇದುವರೆಗೆ ನೋಡಿಲ್ಲ, ದೇವರು ದೊಡ್ಡವನು.

"ಲಿವರ್ ಅಂದ್ರೆ ಏನನ್ಕೊಂಡಿದ್ದೀಯ? ಗಾಡೀಲಿರೋ ಆಯಿಲ್ ಫಿಲ್ಟರ್ ಕಣೋ ಅದು. ನೀನು ತಿಂದ ಗೋಬಿ, ಬೋಂಡ ಎಲ್ಲಾ ಅಲ್ಲೇ ಬಂದು ಕೂರೋದು. ಪಾಪ, ಅದು ಮಾತಾಡಲ್ಲ. ಕಟ್ಕೊಂಡ್ಮೇಲೆ ಗಾಡೀನೇ ನಿಲ್ಸ್‌ಬಿಡುತ್ತೆ!"

ಈ ಉಪದೇಶ ನನಗೇ ಆದದ್ದು. ಮಾವನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ನಾನು ಮದುವೆಗೆ ಮುಂಚೆ ಎಂಟನೇ ಮೈಲಿ ಹತ್ತಿರದ ತಳ್ಳುಗಾಡಿಯಲ್ಲಿ ಗೋಬಿ ತಿಂದು ತಿಂದು ನಿಂಬೆಹಣ್ಣಾಗಿದ್ದೆ. ಚೀಟಿ ತಂದೆ. ಭಾನುವಾರ ಬೆಳಗ್ಗೆ ಬರೀ ಹೊಟ್ಟೆಯಲ್ಲಿ ನಿಲ್ಲಿಸಿ, ಅರೆದ ಸೊಪ್ಪಿನ ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ಹಸುವಿನ ಹಾಲಲ್ಲಿ ಕದಡಿ ಕುಡಿಸಿದರು. ಔಷಧಿಯ ಕಹಿಯನ್ನಾದರೂ ಮರೆತೇನು, ಪಥ್ಯವನ್ನು ಮರೆಯಲಾರೆ. ಎಣ್ಣೆ ಇಲ್ಲ, ಖಾರ ಇಲ್ಲ, ಒಗ್ಗರಣೆ ಇಲ್ಲ. ಮಜ್ಜಿಗೆ ಅನ್ನ, ಬೇಯಿಸಿದ ಮೂಲಂಗಿ, ಮತ್ತೆ ಮಜ್ಜಿಗೆ ಅನ್ನ. ಕೆಳಗೆ ಅತ್ತೆ ಸಾಸಿವೆ ಸಿಡಿಸಿದ ಸದ್ದು ಕೇಳಿದರೆ ನನಗೆ ಅಳು ಬರುತ್ತಿತ್ತು. ವಾಸಿಯಾದದ್ದು ಸೊಪ್ಪಿನಿಂದಲೋ ಗೋಬಿ ಬಿಟ್ಟಿದ್ದರಿಂದಲೋ ಎಂದು ಒಮ್ಮೆ ಕೇಳಿಯೂಬಿಟ್ಟೆ. ಮಾವ ಮೂರು ದಿನ ಮಾತು ಬಿಟ್ಟರು.

ಗಿಡದ ಹೆಸರಿನ ಕಥೆ ಇನ್ನೂ ಸೊಗಸು. ಅದು ನೆಲನೆಲ್ಲಿ ಎಂದು ನಮ್ಮ ಬೀದಿಯಲ್ಲಿ ಗೊತ್ತಿಲ್ಲದವರು ಯಾರು? ಎಲೆಯ ಕೆಳಗೆ ಸಾಸಿವೆಯಂಥ ಕಾಯಿ ಸಾಲಾಗಿ ಕೂತಿರುವ ಗಿಡ, ಖಾಲಿ ಸೈಟುಗಳ ತುಂಬ ಬೆಳೆಯುತ್ತದೆ. ಸೊಪ್ಪು ಮಾರುವ ಹೆಂಗಸು ದಿನಾ "ಯಜಮಾನ್ರೇ, ನೆಲನೆಲ್ಲಿ ಕೀಳ್ತಾ ಇದ್ದೀರಾ?" ಎಂದು ಕೂಗಿಯೇ ಹೋಗುವುದು. ಮಾವ ಎರಡೂ ಕಿವಿ ಮುಚ್ಚಿಕೊಂಡು ನಿಲ್ಲುತ್ತಾರೆ! ಅವರ ಬಾಯಲ್ಲಿ ಅದು ಯಾವತ್ತಿಗೂ "ಅದು".

ಸಾಲದ್ದಕ್ಕೆ, "ಅದ"ನ್ನು ಕಿತ್ತಾಗಿನಿಂದ ಅರೆಯುವ ತನಕ ಮಾತಾಡುವಂತಿಲ್ಲ. ಒಂದು ಭಾನುವಾರ ಬೆಳಗ್ಗೆ ಬೀಗ ಹಾಕಿದ್ದ ಕಾರ್ಖಾನೆಯೊಂದರ ಕಾಂಪೌಂಡಿನೊಳಗೆ ಗಿಡ ಸೊಂಪಾಗಿರುವುದು ಕಂಡು ಮಾವ ಒಳಗೆ ನುಸುಳಿದರು. ಗಿಡ ಕಿತ್ತುಕೊಂಡು ಹೊರಬರುವಾಗ ವಾಚ್‌ಮನ್ ಹಿಡಿದುಕೊಂಡ. "ಯಾರ್ರೀ ನೀವು? ತಾಮ್ರ ಕದಿಯಕ್ ಬಂದ್ರಾ?" ಮಾವ ಮೌನ. "ಬಾಯಲ್ಲೇನ್ ಇಟ್ಕೊಂಡಿದ್ದೀರಾ?" ಮೌನ. ಲಾಠಿ ಎತ್ತಿದವನ ಕಣ್ಣನ್ನೇ ಮಾವ ಒಂದು ಕ್ಷಣ ನೋಡಿ, ಹೆಬ್ಬೆರಳು ಚಾಚಿ ಕೆಳರೆಪ್ಪೆ ಎಳೆದು, ಜೇಬಿನಿಂದ ಕಾರ್ಡು ತೆಗೆದು ಕಣ್ಣ ಪಕ್ಕ ಹಿಡಿದರಂತೆ! ಆ ವಾಚ್‌ಮನ್ ಮುಂದಿನ ಭಾನುವಾರ ನಮ್ಮ ಮನೆಯ ಕ್ಯೂನಲ್ಲಿ ಮೊದಲನೆಯವನಾಗಿ ನಿಂತಿದ್ದ. ಬೆಣ್ಣೆ.

ನಮ್ಮ ಚಿಕ್ಕಮ್ಮನ ಮಗಳ ಆರತಕ್ಷತೆಯಲ್ಲೂ ಇದೇ ಕಥೆ. ಎಲ್ಲರೂ ವೇದಿಕೆ ಹತ್ತಿ ಕೈ ಕುಲುಕಿದರೆ ಮಾವ ಹೋಗಿ ಮದುಮಗನ ರೆಪ್ಪೆ ಎಳೆದರು. ಗಂಡಿನ ಕಡೆಯವರು ಎದ್ದು ನಿಂತರು. "ಏನ್ರೀ ಇದು, ಮರ್ಯಾದೆ ಇಲ್ವಾ?" "ಜಾತಕ ನೋಡಿದ್ರಲ್ಲ, ಕಣ್ಣ್ ನೋಡಿದ್ರೆ ತಪ್ಪಾ? ಕೆನೆ ಅಷ್ಟೇ, ಗಾಬರಿ ಬೇಡ" ಎಂದು ಆಶೀರ್ವಾದ ಮಾಡಿ ಊಟಕ್ಕೆ ನಡೆದರು. ಮದುವೆಯ ಸೀಡಿಯಲ್ಲಿ ಆ ದೃಶ್ಯ ಹಿನ್ನೆಲೆ ಸಂಗೀತದ ಸಮೇತ ಈಗಲೂ ಇದೆ.

ಇಷ್ಟು ಜನರ ಕಣ್ಣು ಎಳೆದ ಮಾವನಿಗೆ ದಿನದ ಬೋಣಿ ಮಾತ್ರ ಅತ್ತೆಯದು. ಮದುವೆಯಾದಾಗಿನಿಂದ ಬೆಳಗ್ಗೆ ಕಾಫಿಗೆ ಮುಂಚೆ ಅತ್ತೆಯ ಕಣ್ಣು ನೋಡಬೇಕು. ಅತ್ತೆ ಬೈಯುತ್ತಲೇ ತಪ್ಪಿಸಿಕೊಳ್ಳುತ್ತಿದ್ದರು. "ಬಿಡ್ರೀ, ಹಾಲು ಉಕ್ತಾ ಇದೆ! ಬೇರೆ ಗಂಡಂದ್ರು ಹೆಂಡ್ತೀರ ಕೆನ್ನೆ ಹಿಡೀತಾರಂತೆ, ನಂಗೆ ಸಿಕ್ಕಿದ್ದು ರೆಪ್ಪೆ ಎಳೆಯೋ ಗಂಡ!"

ತುಮಕೂರು ರಸ್ತೆಯುದ್ದಕ್ಕೂ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು. ಒಂದು ದಿನ ಅತ್ತೆ ಮಹಡಿ ಹತ್ತಿ ಬಂದು ನನ್ನೆದುರು ಕೂತರು. "ನಿಮ್ ಮಾವ ನಂಗೆ ಔಷಧಿ ಕುಡಿಸ್ತಾ ಇದಾರೆ ಕಣಪ್ಪ. ಬೆಣ್ಣೆ ಅಂತೆ. ಎರಡು ಭಾನುವಾರ ಆಯ್ತು. ನಂಗೇನೂ ಆಗಿಲ್ಲ, ಮುದ್ದೆ ಎರಡು ಸೇರುತ್ತೆ. ಆದ್ರೆ ಅವರು ರಾತ್ರಿ ನಿದ್ದೇನೇ ಮಾಡಲ್ಲ." ನಾನು ಅತ್ತೆಯ ಕಣ್ಣು ನೋಡಿದೆ. ನನಗೆ ಬಿಳಿಯಾಗಿಯೇ ಕಂಡಿತು. ಆದರೆ ಕಾರ್ಡಿಲ್ಲದ ನನ್ನ ಮಾತಿಗೆ ಬೆಲೆಯೆಲ್ಲಿ?

ಮೂರನೇ ಭಾನುವಾರವೂ ಕಳೆಯಿತು. ಅಜ್ಜಿಯ ಕಟ್ಟಳೆಯ ಪ್ರಕಾರ ಇನ್ನು ಆಸ್ಪತ್ರೆ. ಮಾವ ಹೋಗಲಿಲ್ಲ. ಅದರ ಬದಲು ಬೀದಿಗಿಳಿದರು! ಬೆಳಗ್ಗೆಯಿಂದ ಸಂಜೆಯ ತನಕ ಮನೆ ಮನೆ ಹೊಕ್ಕು ಕಣ್ಣು ಎಳೆದರು. ಹಾಲಿನವನು, ಇಸ್ತ್ರಿಯವನು, ಸೊಪ್ಪಿನ ಹೆಂಗಸು, ಹಿಂದಿನ ವಠಾರದಲ್ಲಿದ್ದ ರಾಯಚೂರಿನ ಗಾರೆ ಕೆಲಸದವರು, ಯಾರನ್ನೂ ಬಿಡಲಿಲ್ಲ. ಎಲ್ಲರೂ ಬೆಣ್ಣೆ! "ಯಪ್ಪಾ, ನನಗೇನಾಗೇತ್ರಿ ಕಾಕಾ? ರೊಟ್ಟಿ ಆರು ತಿಂತೀನ್ರಿ!" ಎಂದು ಆ ಹುಡುಗರು ಕೂಗಿಕೊಂಡರೂ ಬಿಡದೆ, ಭಾನುವಾರದ ತನಕ ಇದಿರಲಿ ಎಂದು ಕಷಾಯದ ಲೋಟ ಹಿಡಿಸಿದರು. ಬೀದಿಗೆ ಬೀದಿಯೇ ಕಹಿ ಬಾಯಿ ಒರೆಸಿಕೊಳ್ಳುತ್ತಿತ್ತು. ಮಾವನ ಗುರಿಗೆ ಸಿಗದಂತೆ ಜನ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡತೊಡಗಿದರು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೊನೆಗೆ ಮಾವ ಕಾರ್ಡನ್ನೇ ಬೈದರು. "ಬಿಸಿಲಿಗೆ ಕೆಟ್ಟೋಗಿದೆ ಕಣೋ. ನೋಡು, ಬಿಳಿ ಚೌಕವೂ ಹಳದಿ!" ಗೆಳೆಯನ ಶೆಡ್ಡಿಗೆ ಹೋಗಿ ಹೊಸದು ತಂದರು. ಅದರ ಬಿಳಿ ಚೌಕವೂ ಹಳದಿಯಂತೆ! ನನಗೆ ಅಚ್ಚ ಬಿಳಿ ಕಾಣುತ್ತಿತ್ತು. ಆಗ ನನ್ನ ಮಂಡೆಗೆ ಏನೋ ಹೊಳೆಯಿತು. ಆದರೂ ಮೊದಲು ಅತ್ತೆಯದು ತೀರ್ಮಾನವಾಗಲಿ ಎಂದು ಕೇಳಿಯೇಬಿಟ್ಟೆ.

"ಮಾವ, ಮೂರು ಭಾನುವಾರ ಆದ್ರೆ ಊರಿನವರನ್ನೆಲ್ಲ ಆಸ್ಪತ್ರೆಗೆ ಕಳಿಸ್ತೀರಲ್ಲ, ಅತ್ತೆಗೆ ಯಾಕೆ ರಕ್ತಪರೀಕ್ಷೆ ಮಾಡಿಸ್ಲಿಲ್ಲ?"

ಮಾವ ಗಿಡ ಕಿತ್ತು ಬರುವಾಗಿನ ಹಾಗೆ ಬಾಯಿ ಬಿಗಿದು ಕೂತರು.

ಇಬ್ಬರನ್ನೂ ಆಟೋ ಹತ್ತಿಸಿಕೊಂಡು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಅತ್ತೆಯ ರಕ್ತ ತೆಗೆದುಕೊಂಡು ಎರಡು ಗಂಟೆ ಕಾಯಿರಿ ಎಂದರು. ಅತ್ತೆ ನೀರು ಕುಡಿದು ಬರುತ್ತೇನೆಂದು ಎದ್ದು ಹೋದ ಮೇಲೆ, ಬೆಂಚಿನ ಮೇಲೆ ಮಾವ ಮೆಲ್ಲಗೆ ಬಾಯಿ ಬಿಟ್ಟರು.

"ಅಮ್ಮ ಹೇಳಿತ್ತಲ್ಲೋ, ಮೂರು ಭಾನುವಾರ ಅಂತ. ಮೂರೂ ಆಗೋಯ್ತು, ಇವಳ ಕಣ್ಣು ಇಳೀಲಿಲ್ಲ. ನನ್ ಕಣ್ಣೇ ಕೆಟ್ಟಿರಬೌದಾ ಅಂತ ಬೀದಿಯೋರ ಕಣ್ಣೆಲ್ಲ ನೋಡ್ದೆ. ಎಲ್ಲಾ ಹಳದಿ ಇರ್ಲಪ್ಪಾ ದೇವ್ರೇ ಅಂತ ಬೇಡ್ಕೊಂಡೇ ಒಬ್ಬೊಬ್ಬರ ರೆಪ್ಪೆ ಎಳೆದಿದ್ದು. ಔಷಧಿ ಕೊಡೋ ಕೈಯಪ್ಪ ಇದು. ಊರಿಗೆಲ್ಲ ಕಾಮಾಲೆ ಬರ್ಲಿ, ಇವಳೊಬ್ಬಳಿಗೆ ಬೇಡ ಅಂತ ಬೇಡ್ಕೊಂಡ್ಬಿಟ್ನಲ್ಲೋ."

"ಎಲ್ಲಾ ಹಳದಿ ಕಂಡಿತಲ್ಲ ಮಾವ, ಆಮೇಲಾದ್ರೂ ಸಮಾಧಾನ ಆಗ್ಲಿಲ್ವಾ?"

"ಆಗ್ಲಿಲ್ಲ. ನನ್ ಕಣ್ಣೂ ಕೆಟ್ಟು, ಇವಳಿಗೂ ಬಂದಿದ್ರೆ?"

ಬೀದಿಯೆಲ್ಲ ನಕ್ಕ ಆ ವಾರದಲ್ಲಿ ಈ ಮನುಷ್ಯ ಎಷ್ಟು ಹೆದರಿದ್ದರು ಎಂದು ನನಗೆ ಆಗ ತಿಳಿಯಿತು. ಅವರ ಕೈ ಹಿಡಿದುಕೊಂಡೆ. ಲೇತ್ ಹಿಡಿದ ಕೈ, ಚಕ್ಕೆ ಚಕ್ಕೆ ಎದ್ದಿತ್ತು.

ರಿಪೋರ್ಟು ಬಂತು. ಅತ್ತೆಯ ಲಿವರ್ ಹೊಸ ಗಾಡಿಯ ಫಿಲ್ಟರಿನಂತಿತ್ತು. ಮಾವ ಒಪ್ಪಲಿಲ್ಲ, ಲ್ಯಾಬಿನವರದ್ದೇ ತಪ್ಪು ಎಂದು ವಾದಕ್ಕೆ ನಿಂತರು. ಡಾಕ್ಟರಮ್ಮ ಸುಮ್ಮನೆ ಎದ್ದು ಬಂದು, ಮಾವನ ರೆಪ್ಪೆಯನ್ನೇ ಎತ್ತಿ ಟಾರ್ಚ್ ಬಿಟ್ಟರು! ಅವರ ಜೀವಮಾನದಲ್ಲಿ ಮೊದಲ ಬಾರಿ ಬೇರೆಯವರ ಬೆರಳು ಅವರ ಕಣ್ಣ ಮೇಲೆ.

"ಯಜಮಾನ್ರೇ, ಹಳದಿ ಅವರ ಕಣ್ಣಲ್ಲಿಲ್ಲ. ನಿಮ್ಮ ಕಣ್ಣಿಗೆ ಪೊರೆ ಬಂದಿದೆ. ಎರಡೂ ಕಣ್ಣಿಗೆ."

ಸೂಜಿ ಎಂದರೆ ಹೆದರುವ ಮಾವ ಆಪರೇಷನ್ನಿಗೆ ಒಂದೇ ಮಾತಿಗೆ ಒಪ್ಪಿಕೊಂಡದ್ದು ನಮಗೆಲ್ಲ ಆಶ್ಚರ್ಯ. ಮೊದಲ ಕಣ್ಣಿನ ಪಟ್ಟಿ ಬಿಚ್ಚಿಸಿ ನಾನು ಅವರನ್ನು ಮನೆಗೆ ಕರೆತಂದೆ. ದಾರಿಯಲ್ಲಿ ಒಂದು ಅಂಗಡಿಯ ಬೋರ್ಡನ್ನಾಗಲಿ ಒಬ್ಬರ ಮುಖವನ್ನಾಗಲಿ ನೋಡಲಿಲ್ಲ. ತಲೆ ತಗ್ಗಿಸಿಯೇ ಬಂದರು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅಷ್ಟು ವರ್ಷ ಮುಖ ತಿರುಗಿಸಿ ಬೈಯುತ್ತಿದ್ದವರು, ಅವತ್ತು ಮಾವ ಹೆಬ್ಬೆರಳು ಎತ್ತುವ ಮುಂಚೆ ತಾವೇ ರೆಪ್ಪೆ ಎಳೆದು ಹಿಡಿದರು.

"ನೋಡ್ರೀ, ಸರಿಯಾಗಿ ನೋಡಿ."

ಮಾವ ಹತ್ತಿರ ಬಂದು ನೋಡಿದರು. ಜೇಬಿನಲ್ಲಿದ್ದ ಕಾರ್ಡನ್ನು ತೆಗೆಯಲೇ ಇಲ್ಲ.

"ಹಳದಿ ಇಲ್ಲ ಕಣೇ" ಅಂದರು. ಆಮೇಲೆ, "ಕೆಂಪಗಿದೆಯಲ್ಲೇ! ಯಾಕೆ, ಅತ್ತಿದ್ಯಾ?"

"ಅಳೋದ್ಯಾಕೆ, ಈರುಳ್ಳಿ ಹೆಚ್ತಾ ಇದ್ದೆ."

ಅವತ್ತು ಅತ್ತೆ ಮಾಡಿದ್ದು ಬರೀ ಶಾವಿಗೆ ಪಾಯಸ. ನಾನು ಎರಡು ಲೋಟ ಕುಡಿದು, ಈರುಳ್ಳಿಯ ಮಾತೆತ್ತದೆ ಮಹಡಿ ಹತ್ತಿದೆ.