ಚಿಕ್ಕಪ್ಪನ ಕಾರಿನ ತಲೆ

ಲೋಕದಲ್ಲಿ ಎಲ್ಲರೂ ಓಡಿಸುವುದಕ್ಕೆಂದು ಕಾರು ಕೊಳ್ಳುತ್ತಾರೆ. ನಮ್ಮ ಚಿಕ್ಕಪ್ಪ ನಿಲ್ಲಿಸುವುದಕ್ಕೆಂದು ಕೊಂಡರು! ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಕಾರು ಕಿದ್ವಾಯಿ ನಗರದ ಗಡಿ ದಾಟಿದ್ದನ್ನು ನಾನು ನೋಡಿದ್ದು ತೀರಾ ಅಪರೂಪ. ಆದರೆ ಅದನ್ನು ನಿಲ್ಲಿಸುವುದಕ್ಕೆ ಅವರು ಪಟ್ಟ ಪಾಡಿನಲ್ಲಿ ಅರ್ಧವನ್ನು ಆಫೀಸಿನಲ್ಲಿ ಪಟ್ಟಿದ್ದರೂ ಸೆಕ್ಷನ್ ಆಫೀಸರಾಗಿಯೇ ಉಳಿಯುತ್ತಿರಲಿಲ್ಲ, ಇಲಾಖೆಯ ಕಾರ್ಯದರ್ಶಿಯಾಗಿ ಕೂತಿರುತ್ತಿದ್ದರು.

ಎಪ್ಪತ್ತರ ದಶಕದ ಮಾತು. ದೆಹಲಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ, ಒಂದು ಟ್ರಂಕು ಹಿಡಿದುಕೊಂಡು ಅವರ ಸರ್ಕಾರಿ ಕ್ವಾರ್ಟರ್ಸಿಗೆ ಬಂದೆ. “ರೂಮು ಸಿಗೋ ತನಕ ಇಲ್ಲೇ ಇರು” ಅಂದರು. ರೂಮು ಸಿಗಲಿಲ್ಲ. ಹುಡುಕಿದರೆ ತಾನೇ ಸಿಗುವುದು! ಚಿಕ್ಕಮ್ಮನ ಕೈ ಅಡುಗೆ ಬಿಟ್ಟು ಹೋಗಲು ನನಗೇನು ತಲೆ ಕೆಟ್ಟಿತ್ತೆ? ಅವರಿಗೆ ಮಕ್ಕಳಿರಲಿಲ್ಲ. ನಾನಿದ್ದೆ, ಗೊಣಗುತ್ತಾ.

ಆ ಹೊತ್ತಿಗಾಗಲೇ ಚಿಕ್ಕಮ್ಮನ ಶ್ವಾಸಕೋಶ ಕೆಟ್ಟಿತ್ತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ರಾತ್ರಿಯೆಲ್ಲಾ ಗೋಡೆಗೆ ದಿಂಬು ಒಟ್ಟಿಕೊಂಡು ಒರಗಿ ಕೂತಿರುತ್ತಿದ್ದಳು. ಡಾಕ್ಟರು ನೋಡಿ, “ಒಳ್ಳೆ ಗಾಳಿ ಬೇಕು, ಬೆಟ್ಟದ ಕಡೆ ಕರ್ಕೊಂಡು ಹೋಗಿ” ಅಂದರು. ಆಮೇಲೆ ಚಿಕ್ಕಪ್ಪನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಇನ್ನೊಂದು ಮಾತು ಹೇಳಿದರು, ಹೆಚ್ಚೆಂದರೆ ಇನ್ನೊಂದೆರಡು ಚಳಿಗಾಲ ಅಂತ. ಚಿಕ್ಕಪ್ಪ ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಡಾಕ್ಟರ ಗುಟ್ಟು ಆಸ್ಪತ್ರೆಯ ಗೇಟಿನ ತನಕ ಕೇಳಿಸುವಂತಿತ್ತು. ಬಾಗಿಲಾಚೆ ನಾನೂ ಚಿಕ್ಕಮ್ಮನೂ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಎಷ್ಟು ಒಳ್ಳೆ ಗಂಟಲು ನೋಡು ಪುಣ್ಯಾತ್ಮನಿಗೆ” ಅಂದಳು ಚಿಕ್ಕಮ್ಮ.

ಬೆಟ್ಟಕ್ಕೆ ಹೋಗಿ ತಿಂಗಳುಗಟ್ಟಲೆ ಇರುವಷ್ಟು ರಜೆಯೂ ಇರಲಿಲ್ಲ, ಅನುಕೂಲವೂ ಇರಲಿಲ್ಲ. ಅದಕ್ಕೆ ಚಿಕ್ಕಪ್ಪ ಮಾಡಿದ್ದೇನು? ಯಾವುದೋ ದೂತಾವಾಸದ ಸಾಹೇಬನೊಬ್ಬ ದೇಶಕ್ಕೆ ವಾಪಸು ಹೋಗುವಾಗ ಬಿಟ್ಟುಹೋಗುತ್ತಿದ್ದ ಹಳೇ ಕಾರೊಂದನ್ನು ತಂದರು. ಹಸಿರು ಬಣ್ಣ, ಎರಡೇ ಸೀಟು, ಸೋರುವ ಎಂಜಿನ್. ವಿಶೇಷವೇನೆಂದರೆ ಅದರ ತಲೆ ಬೇರೆ, ಮೈ ಬೇರೆ. ಮೇಲಿನ ಗಟ್ಟಿ ಛಾವಣಿಯನ್ನು ಬೋಲ್ಟು ಬಿಚ್ಚಿ ಪೂರ್ತಿ ಎತ್ತಿ ಪಕ್ಕಕ್ಕಿಡಬಹುದು. ಇಟ್ಟರೆ ಕೂತವರ ನೆತ್ತಿಯ ಮೇಲೆ ಆಕಾಶ!

“ಗಾಳಿಗೆ ಅಂದ್ರೆ ಅಂಗಳದಲ್ಲಿ ಒಂದು ಈಜಿಚೇರು ಹಾಕಿದ್ರೆ ಆಗ್ತಿರ್ಲಿಲ್ವಾ ಚಿಕ್ಕಪ್ಪ?” ಅಂತ ಕೇಳಿದೆ.

“ಈಜಿಚೇರಲ್ಲಿ ಕೂತರೆ ರೋಗಿ ಅಂತಾರೆ ಕಣೋ. ಕಾರಲ್ಲಿ ಕೂತರೆ ಎಲ್ಲಿಗೋ ಹೊರಟಿದಾಳೆ ಅಂತಾರೆ” ಅಂದರು.

ಪೆಟ್ರೋಲಿನ ಬೆಲೆ ಆಗ ಬೆಂಕಿಯಾಗಿತ್ತು. ಹಾಗಾಗಿ ಹೊರಡುವ ಮಾತು ಹೇಗೂ ಇರಲಿಲ್ಲ.

ಇನ್ನು ನಿಲ್ಲಿಸುವ ಶಾಸ್ತ್ರ. ಬೇವಿನ ಮರದ ಕೆಳಗೆ ಕೂಡದು, ಅಂಟು ಬೀಳುತ್ತದೆ. ನೇರಳೆ ಮರದ ಕೆಳಗೆ ಮೊದಲೇ ಕೂಡದು, ಸೀಟು ನೀಲಿಯಾಗುತ್ತದೆ. ಮೇಲೆ ಬಾಲ್ಕನಿ ಇರಬಾರದು. ದೆಹಲಿಯ ಬಾಲ್ಕನಿಯಿಂದ ಏನು ಬೀಳುತ್ತದೆಂದು ದೇವರೂ ಹೇಳಲಾರ. ಪಾರಿವಾಳಗಳ ವಿಷಯ ನೀವೇ ಊಹಿಸಿಕೊಳ್ಳಿ. ನೆಲ ಸಮತಟ್ಟಾಗಿರಬೇಕು, ಇಲ್ಲದಿದ್ದರೆ ಛಾವಣಿಯ ಬೋಲ್ಟು ಕೂರುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರು ಹಾಕಿ, ಚಕ್ರ ಗೋಡೆಯ ಕಡೆ ತಿರುಗಿಸಿ, ಹಿಂದೆ ಮುಂದೆ ಇಟ್ಟಿಗೆ ಕೊಟ್ಟು, ಆಮೇಲೆ ಒಮ್ಮೆ ಬಗ್ಗಿ ಚಕ್ರಗಳನ್ನು ಗದರಿಸುವ ಹಾಗೆ ನೋಡಿ ಬರುತ್ತಿದ್ದರು. ಭೂಕಂಪವಾದರೆ ಕಾಲೋನಿಯೆಲ್ಲಾ ಜಾರಿ ಯಮುನೆಗೆ ಹೋಗಬಹುದಿತ್ತು, ಆ ಕಾರು ಮಾತ್ರ ಅಲ್ಲೇ ಇರುತ್ತಿತ್ತು.

ಇಷ್ಟೆಲ್ಲಾ ಶರತ್ತಿಗೆ ಒಪ್ಪುವ ಜಾಗ ಇಡೀ ಬ್ಲಾಕಿನಲ್ಲಿ ಒಂದೇ ಇತ್ತು. ಅದು ಎದುರುಮನೆಯ ಶರ್ಮಾಜಿಯ ಕಿಟಕಿಯ ಮುಂದೆ. ಅವರ ಮನೆಯವರು ಸಂಜೆ ಇದ್ದಿಲೊಲೆ ಹೊತ್ತಿಸಿ ಹೊಗೆ ಆರಲು ಇಡುತ್ತಿದ್ದದ್ದೂ ಅಲ್ಲೇ! ಮೊದಲ ದಿನವೇ ಜಗಳ ಹತ್ತಿತು.

“ಏ ಮದ್ರಾಸಿ! ಇದೇನು ನಿಮ್ಮಪ್ಪನ ಜಾಗವಾ?” ಎಂದು ಹಿಂದಿಯಲ್ಲಿ ಶರ್ಮಾಜಿ.

“ಸರ್ಕಾರದ ಜಾಗ. ನಿಮ್ಮ ಅಂಗೀಠಿ ಅತ್ತ ಇಡಿ, ನನ್ನ ಹೆಂಡತಿಗೆ ಹೊಗೆ ಆಗೋದಿಲ್ಲ” ಎಂದು ಹಿಂದಿಯಲ್ಲೇ ಚಿಕ್ಕಪ್ಪ. ಸಿಟ್ಟು ಬಂದರೆ ಅವರ ಹಿಂದಿಯ ಲಿಂಗ ವಚನವೆಲ್ಲಾ ಕಲಸಿಹೋಗುತ್ತಿತ್ತು. ಆದರೂ ಅರ್ಥ ಚೆನ್ನಾಗಿ ತಲುಪಿತು. ಅಂದಿನಿಂದ ಎರಡು ಮನೆಗೂ ಮಾತು ನಿಂತಿತು. ಶರ್ಮಾಜಿ ದಿನಾ ಸಂಜೆ ಕಿಟಕಿಯಲ್ಲಿ ಕೂತು ಚಹಾ ಕುಡಿಯುತ್ತಾ ನಮ್ಮನ್ನು ದುರುಗುಟ್ಟಿ ನೋಡುವುದು, ಚಿಕ್ಕಪ್ಪ ಅವರನ್ನು ನೋಡೇ ಇಲ್ಲವೆಂಬಂತೆ ಜೋರಾಗಿ ಕೆಮ್ಮುವುದು. ಮನೆಯಲ್ಲಿ ನಿಜವಾದ ಕೆಮ್ಮು ಇರುವಾಗ ಈ ಸುಳ್ಳು ಕೆಮ್ಮು ಬೇರೆ!

ಈಗ ಛಾವಣಿಗೆ ಬರೋಣ. ಅದನ್ನು ಎತ್ತಲು ನಾಲ್ಕು ಜನ ಬೇಕು, ಮೂಲೆಗೊಬ್ಬರಂತೆ. ಮುಂದಿನ ಎಡ ಮೂಲೆ ಚಿಕ್ಕಪ್ಪನದು, ಅಪ್ಪಣೆ ಕೊಡುವ ಮೂಲೆ. ಮುಂದಿನ ಬಲಕ್ಕೆ ಮೇಲ್ಮನೆಯ ಸರ್ದಾರ್ಜಿ. ಹಿಂದಿನ ಎರಡು ಮೂಲೆಗೆ ನಾನು ಮತ್ತು ಮಾರ್ಕೆಟ್ಟಿನ ಇಡ್ಲಿ ಹೋಟೆಲಿನ ಭಟ್ಟರು. ಭಟ್ಟರು ಕುಂದಾಪುರದ ಕಡೆಯವರು, ಚಿಕ್ಕಮ್ಮನನ್ನು ಅಕ್ಕ ಅನ್ನುತ್ತಿದ್ದರು, ಅವಳು ಹಾಕಿದ ಉಪ್ಪಿನಕಾಯಿಗೆ ಪ್ರಾಣ ಬಿಡುತ್ತಿದ್ದರು. ದಿನಾ ಸಂಜೆ ಹೋಟೆಲಿನ ಗಲಾಟೆ ಶುರುವಾಗುವ ಮುಂಚೆ ಪಂಚೆ ಎತ್ತಿ ಕಟ್ಟಿಕೊಂಡು ಬಂದು ನಿಲ್ಲುತ್ತಿದ್ದರು. “ಎಂಥದ್ದು ಮಾರಾಯ್ರೆ, ಇಷ್ಟು ವರ್ಷ ಸಾಂಬಾರಿನ ಕೊಪ್ಪರಿಗೆ ಎತ್ತಿದ್ದೇನೆ, ಅದಕ್ಕೂ ಇಷ್ಟು ಜಂಬ ಇರ್ಲಿಲ್ಲ!”

ಜಂಬಕ್ಕೆ ಕಾರಣ ಹಿಂದಿನ ಗಾಜು. ಛಾವಣಿಗೇ ಅಂಟಿಕೊಂಡಿದ್ದ ಆ ಬಾಗಿದ ಗಾಜು ಒಡೆದರೆ ಹಿಂದೂಸ್ಥಾನದಲ್ಲೆಲ್ಲೂ ಸಿಗುವುದಿಲ್ಲವಂತೆ. ಆದ್ದರಿಂದ ಎತ್ತುವುದಕ್ಕೊಂದು ವಿಧಿ. ನೇರ ಮೇಲಕ್ಕೆ ಎತ್ತಬೇಕು, ವಾಲಿಸಕೂಡದು. ಎಲ್ಲರೂ ಎಡಗಾಲು ಮೊದಲು. ಕಾರಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಚಿಕ್ಕಪ್ಪ ನಿಂತು “ಶೀಶಾ?” ಅನ್ನುತ್ತಿದ್ದರು. ಹಿಂದಿನ ನಾವಿಬ್ಬರು ಗಾಜು ನೋಡಿ “ಠೀಕ್ ಹೈ!” ಅನ್ನಬೇಕು. ಅಲ್ಲಿಯವರೆಗೆ ಮುಂದಿನ ಹೆಜ್ಜೆ ಇಲ್ಲ. ಒಮ್ಮೆ ಸರ್ದಾರ್ಜಿ, “ಶೀಶಾ ಠೀಕ್ ಹೈ ಜೀ, ಮೇರೀ ಕಮರ್ ಠೀಕ್ ನಹೀಂ!” ಎಂದು ಸೊಂಟ ಹಿಡಿದುಕೊಂಡರು. ಚಿಕ್ಕಪ್ಪನಿಗೆ ನಗು ಬರಲಿಲ್ಲ. ಸೊಂಟ ಹಿಂದೂಸ್ಥಾನದಲ್ಲೇ ಸಿಗುತ್ತದಲ್ಲ!

ಎತ್ತಿದ ಛಾವಣಿಯನ್ನು ನಮ್ಮ ವರಾಂಡದ ಚಾರ್‌ಪಾಯಿಯ ಮೇಲೆ, ಎರಡು ಕಂಬಳಿ ಹಾಸಿ ಅಂಗಾತ ಮಲಗಿಸುತ್ತಿದ್ದೆವು. ಆ ಚಾರ್‌ಪಾಯಿ ನನ್ನದು. ಬೇಸಿಗೆಯಲ್ಲಿ ನಾನು ಮಲಗುತ್ತಿದ್ದದ್ದು. ಛಾವಣಿ ಮತ್ತೆ ಕಾರೇರುವ ತನಕ ಅದಕ್ಕೆ ಕಂಬಳಿ, ನನಗೆ ನೆಲ! ಒಂದು ಭಾನುವಾರ ರದ್ದಿ ಕೊಳ್ಳುವವನು ಬಂದು ಅದನ್ನು ತಟ್ಟಿ ನೋಡಿ, “ಬಾಬೂಜಿ, ಈ ಸ್ನಾನದ ತೊಟ್ಟಿ ಕೊಡ್ತೀರಾ?” ಅಂದ. ಚಿಕ್ಕಪ್ಪ ಅವನನ್ನು ಮಾರ್ಕೆಟ್ಟಿನ ತನಕ ಅಟ್ಟಿಸಿಕೊಂಡು ಹೋದರು. ಕಾಲೋನಿಯ ಜನ ಅವರು ಓಡಿದ್ದನ್ನು ಮೊದಲ ಬಾರಿ ನೋಡಿದ್ದು ಅಂದೇ. ಕಾರು ಓಡಿದ್ದನ್ನು ಮಾತ್ರ ನೋಡಲಿಲ್ಲ.

ತಲೆ ತೆಗೆದ ಕಾರಿನಲ್ಲಿ ಚಿಕ್ಕಮ್ಮನನ್ನು ಕೂರಿಸಿದರೆ, ಆ ಸೀಟಿನ ಇಳಿಜಾರಿನಲ್ಲಿ ಅದೇನು ಹದವಿತ್ತೋ, ಅವಳ ಉಸಿರು ಸರಾಗವಾಗುತ್ತಿತ್ತು. ಕೊರಳಿನ ಕುಳಿ ಒಳಕ್ಕೆ ಜಗ್ಗುವುದು ನಿಲ್ಲುತ್ತಿತ್ತು. ಚಿಕ್ಕಪ್ಪ ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದು ಕೂರುತ್ತಿದ್ದರು.

“ಇವತ್ತು ಎಲ್ಲಿಗೆ?” ಅನ್ನುತ್ತಿದ್ದಳು ಅವಳು.

“ಮಸ್ಸೂರಿಗೆ.”

“ನಿಧಾನ ಓಡ್ಸಿ ಮತ್ತೆ. ತಿರುವು ಜಾಸ್ತಿ.”

ಇಟ್ಟಿಗೆ ಕೊಟ್ಟ ಕಾರಿನಲ್ಲಿ! ಒಂದು ದಿನ ಚಾಮುಂಡಿ ಬೆಟ್ಟ, ಒಂದು ದಿನ ಕನ್ಯಾಕುಮಾರಿ. ಕತ್ತಲಾಗುವ ಹೊತ್ತಿಗೆ ಎಲ್ಲಿದ್ದರೂ ವಾಪಸು ಬರುತ್ತಿದ್ದರು. ಛಾವಣಿ ಹಾಕಬೇಕಲ್ಲ, ಭಟ್ಟರಿಗೆ ಹೊತ್ತಾಗುತ್ತದೆ.

ಒಂದು ಮೇ ತಿಂಗಳ ಸಂಜೆ ಛಾವಣಿಯನ್ನು ಇನ್ನೂ ಅರ್ಧಕ್ಕೆ ಎತ್ತಿದ್ದೆವು, ಆಂಧಿ ಬಂತು. ದೆಹಲಿಯ ಈ ಧೂಳುಗಾಳಿ ಹೇಳಿ ಕೇಳಿ ಬರುವುದಿಲ್ಲ. ಆಕಾಶ ಕಂದಾಗಿ, ರಾಜಸ್ಥಾನದ ಧೂಳೆಲ್ಲಾ ನಮ್ಮ ಹಲ್ಲಿನ ಸಂದಿಗೇ ಬಂತು. ಚಿಕ್ಕಮ್ಮ ಅವತ್ತು ಮೊದಲೇ ಹೋಗಿ ಒಳಗೆ ಕೂತಿದ್ದಾಳೆ. ಅವಳನ್ನು ಮನೆಗೆ ಎತ್ತಿಕೊಂಡು ಹೋಗುವಷ್ಟು ವ್ಯವಧಾನವಿಲ್ಲ, ಛಾವಣಿ ಬಿಟ್ಟರೆ ಗಾಳಿಗೆ ಹಾರಿ ಯಾರ ತಲೆ ತೆಗೆಯುತ್ತದೋ ಗೊತ್ತಿಲ್ಲ, ಬೋಲ್ಟು ಕೂರಿಸೋಣವೆಂದರೆ ಕಣ್ಣು ಬಿಡಲಾಗುವುದಿಲ್ಲ. ಕೊನೆಗೆ ನಾಲ್ವರೂ ಅದನ್ನು ಅವಳ ಮೇಲೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತೆವು. ಸರ್ದಾರ್ಜಿಯ ಪಗಡಿಯ ಒಂದು ತುದಿ ಬಿಚ್ಚಿ ನನ್ನ ಮುಖಕ್ಕೆ ಪಟಪಟ ಹೊಡೆಯುತ್ತಿತ್ತು. ಒಳಗಿನಿಂದ ಕೆಮ್ಮು ಕೇಳಿತು, ಅದು ನಿಂತಿತು. ಆಮೇಲೆ ಕೇಳಿದ್ದು ನಗು!

“ಈ ಊರಲ್ಲಿ ನನ್ನನ್ನ ಹೊರೋಕೆ ನಾಲ್ಕು ಜನ ಎಲ್ಲಿ ಸಿಕ್ತಾರೋ ಅಂತ ಯೋಚನೆ ಇತ್ತು ಕಣ್ರೀ” ಅಂದಳು ಚಿಕ್ಕಮ್ಮ. “ಇನ್ನು ಪರವಾಗಿಲ್ಲ. ಅಭ್ಯಾಸ ಚೆನ್ನಾಗಾಗಿದೆ.”

“ಬಾಯಿ ಮುಚ್ಚೇ, ಧೂಳು ಹೋಗುತ್ತೆ!” ಎಂದು ಚಿಕ್ಕಪ್ಪ ಕಿರುಚಿದರು. ಅವರ ದನಿ ಒಡೆದಿತ್ತು. ಭಟ್ಟರು ಪಕ್ಕಕ್ಕೆ ಮುಖ ತಿರುಗಿಸಿಕೊಂಡರು. ಧೂಳು ಸ್ವಲ್ಪ ತೆಳುವಾದಾಗ ನೋಡಿದರೆ, ಊರೆಲ್ಲಾ ಕಿಟಕಿ ಮುಚ್ಚಿಕೊಂಡಿದ್ದರೂ ಶರ್ಮಾಜಿ ಮಾತ್ರ ತೆರೆದ ಕಿಟಕಿಯಲ್ಲೇ ನಿಂತಿದ್ದರು. ಅವರ ಚಹಾದ ತುಂಬ ಮಣ್ಣು ಬಿದ್ದಿರಬೇಕು.

ಆ ಚಳಿಗಾಲದಲ್ಲಿ ಒಂದು ವಿಚಿತ್ರ ನಡೆಯಿತು. ಶರ್ಮಾಜಿ ಮನೆಯ ಅಂಗೀಠಿ ಮುಂದಿನಿಂದ ಮಾಯವಾಗಿ ಹಿತ್ತಲಿಗೆ ಹೋಯಿತು. “ನೋಡಿದೆಯಾ, ಹೆದರಿದ!” ಎಂದು ಚಿಕ್ಕಪ್ಪ ಮೀಸೆ ತಿರುವಿದರು. ಆದರೂ ಇಡೀ ಕಾಲೋನಿಯ ಇದ್ದಿಲ ಹೊಗೆ ಮಂಜಿನ ಜೊತೆ ಸೇರಿ ಕೆಳಗಿಳಿಯುತ್ತಿತ್ತು. ಸಂಜೆಯ ಪ್ರಯಾಣ ನಿಂತು, ರಜಾದಿನದ ಮಧ್ಯಾಹ್ನದ ಬಿಸಿಲಿಗೆ ಮಾತ್ರ ಉಳಿಯಿತು. ಕಾರಿನ ತನಕ ನಡೆದು ಹೋಗುತ್ತಿದ್ದವಳನ್ನು ಕೈ ಹಿಡಿದು ಕರೆದೊಯ್ಯಬೇಕಾಯಿತು. ಆಮೇಲೆ ನಾನು ಎತ್ತಿಕೊಂಡು ಹೋಗಬೇಕಾಯಿತು. ಛಾವಣಿಗಿಂತ ಅವಳೇ ಹಗುರ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಚಳಿ ಇನ್ನೇನು ಮುರಿಯಿತು ಅನ್ನುವ ಹೊತ್ತಿಗೆ ಒಂದು ಭಾನುವಾರ ಒಳ್ಳೆ ಬಿಸಿಲಿತ್ತು. ಛಾವಣಿ ತೆಗೆದೆವು, ಚಿಕ್ಕಮ್ಮನನ್ನು ಕೂರಿಸಿ ಶಾಲು ಹೊದಿಸಿದೆವು. ಚಿಕ್ಕಪ್ಪ ಪಕ್ಕದಲ್ಲಿ ನಿಂತು, ಅವಳಿಗೆ ಬೆನ್ನು ಹಾಕಿ ಬಾನೆಟ್ಟು ಒರೆಸುತ್ತಾ ಆಫೀಸಿನ ಯಾವುದೋ ರಗಳೆ ಹೇಳುತ್ತಿದ್ದರು. ಒರೆಸಿ ಮುಗಿಸಿ, ಬಟ್ಟೆ ಕೊಡವಿ, “ಇವತ್ತು ಎಲ್ಲಿಗೆ ಅಂತ ಕೇಳ್ಲೇ ಇಲ್ವಲ್ಲೇ?” ಎಂದು ತಿರುಗಿದರು.

ಅವಳು ಹೊರಟಾಗಿತ್ತು.

ಚಟ್ಟ ಸಿದ್ಧವಾಗುವಷ್ಟರಲ್ಲಿ ಆಫೀಸಿನ ಕೆಲವರು, ಬ್ಲಾಕಿನ ಕೆಲವರು ಸೇರಿದರು. ಭಟ್ಟರು ಹೋಟೆಲಿಗೆ ಬೀಗ ಹಾಕಿಕೊಂಡು ಬಂದಿದ್ದರು. ಯಾರೂ ಹೇಳದೆಯೇ ನಾನೂ ಅವರೂ ಹಿಂದಿನ ಎರಡು ಮೂಲೆಗೆ ಹೋದೆವು, ಸರ್ದಾರ್ಜಿ ಮುಂದಿನ ಬಲಕ್ಕೆ. ಆಗ ನೋಡಿದರೆ ಎಡ ಮೂಲೆ ಖಾಲಿ! ಚಿಕ್ಕಪ್ಪ ಮಡಕೆಯಲ್ಲಿ ಬೆಂಕಿ ಹಿಡಿದು ಮುಂದೆ ನಡೆಯಬೇಕಾದವರು. ಹೊರುವಂತಿಲ್ಲ, ಹಿಂದಿರುಗಿ ನೋಡುವಂತೆಯೂ ಇಲ್ಲ. ಇಷ್ಟು ದಿನ ಅಭ್ಯಾಸ ಮಾಡಿದ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಆಫೀಸಿನವರು ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಗುಂಪು ಸೀಳಿಕೊಂಡು ಶರ್ಮಾಜಿ ಬಂದರು. ಚಪ್ಪಲಿ ಬಿಟ್ಟು, ಶಾಲು ತೆಗೆದು ಕಾರಿನ ಮೇಲಿಟ್ಟು, ಎಡ ಮೂಲೆಗೆ ಹೆಗಲು ಕೊಟ್ಟರು. ಎತ್ತುವಾಗ ಎಡಗಾಲು ಮೊದಲಿಟ್ಟರು. ಎಷ್ಟು ಸಂಜೆ ಕಿಟಕಿಯಲ್ಲಿ ಕೂತು ನೋಡಿದ್ದರಲ್ಲ, ಒಂದೂ ತಪ್ಪಲಿಲ್ಲ.

ಕಾರಿಗೂ ಗೋಡೆಗೂ ನಡುವಿನ ಇಕ್ಕಟ್ಟು ಬಂತು. ಮುಂದೆ ಹೋಗುತ್ತಿದ್ದ ಚಿಕ್ಕಪ್ಪ ನಿಂತರು. ಕೈಯಲ್ಲಿ ಬೆಂಕಿ ಹೊಗೆಯಾಡುತ್ತಿತ್ತು. ತಿರುಗಲಿಲ್ಲ. ತಿರುಗದೆಯೇ, ಅಭ್ಯಾಸದ ದನಿಯಲ್ಲಿ ಕೇಳಿದರು.

“ಶೀಶಾ?”

ಉತ್ತರ ಕೊಡಬೇಕಾದವರು ನಾನೂ ಭಟ್ಟರೂ. ನಾನು ಹೆಗಲ ಮೇಲಿನ ಬಿದಿರನ್ನು ಎರಡೂ ಕೈಯಲ್ಲಿ ಅವುಚಿಕೊಂಡೆ. ಭಟ್ಟರು ತುಟಿ ಕಚ್ಚಿಕೊಂಡು ಅಳುತ್ತಿದ್ದರು. ಚಿಕ್ಕಪ್ಪ ನಿಂತೇ ಇದ್ದರು. ಉತ್ತರ ಬರದೆ ಅವರು ಹೆಜ್ಜೆ ಕಿತ್ತಿಡುವವರಲ್ಲ.

“ಠೀಕ್ ಹೈ, ಭಾಯೀಸಾಬ್” ಅಂದರು ಶರ್ಮಾಜಿ, ಮೆಲ್ಲಗೆ. “ಬಿಲ್ಕುಲ್ ಠೀಕ್ ಹೈ. ಚಲಿಯೇ.”

ಚಿಕ್ಕಪ್ಪ ಎಡಗಾಲು ಮುಂದಿಟ್ಟರು.