ತೆಂಕು ದಿಕ್ಕಿನ ದೀಪ

ಸಿಟ್ಟು ಬರುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಡ. ಅನ್ನದಲ್ಲಿ ಕಲ್ಲು ಸಿಕ್ಕಿದರೂ ಸಾಕು; ಕೋಟೇಶ್ವರದ ನನ್ನ ಜವಳಿ ಅಂಗಡಿಗೆ ಬಂದ ಗಿರಾಕಿ ಇಡೀ ಥಾನು ಬಿಡಿಸಿ ನೋಡಿ, 'ನಾಳೆ ಬತ್ತೆ' ಎಂದು ಎದ್ದುಹೋದರೂ ಸಾಕು. ಆದರೆ ಬೀಜಾಡಿ ಕಡಲ ದಡದ ಹಳೆಯ ದೀಪಸ್ತಂಭವನ್ನು ನಾವು ಊರವರೇ ಸೇರಿ ರಿಪೇರಿ ಮಾಡಿದೆವಲ್ಲ, ಆಗ ಬಂದಂಥ ಸಿಟ್ಟು ಜನ್ಮದಲ್ಲಿ ಬಂದದ್ದಿಲ್ಲ. ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಹಡಗಿಗೆ ಊರು ಕಾಣಬಾರದೆಂದು ಸರ್ಕಾರದವರು ಅದರ ದೀಪ ನಂದಿಸಿದರು. ಯುದ್ಧ ಮುಗಿದ ಮೇಲೆ ಹಚ್ಚುತ್ತಾರೆಂದು ಕಾದರೆ, ಇನ್ನು ಇದು ಬೇಡವೆಂದು ದೀಪವನ್ನೇ ಕಳಚಿಕೊಂಡು ಹೋದರು. ನಮ್ಮ ಬೀಜಾಡಿಯನ್ನು ನೋಡಲು ಯಾವ ಶತ್ರು ಅಷ್ಟು ದೂರದಿಂದ ಬರುತ್ತಿದ್ದನೋ ದೇವರೇ ಬಲ್ಲ. ಕತ್ತಲೆಯಲ್ಲಿ, ಊರಿನ ತೆಂಕಣಕ್ಕೆ ಕಡಲಲ್ಲಿರುವ ಬಂಡೆಗೆ ಬಡಿದು ಒಡೆದದ್ದು ಮಾತ್ರ ನಮ್ಮವರ ದೋಣಿಗಳೇ. ನನ್ನ ಹೆಂಡತಿಯ ತಮ್ಮ ಶೀನ ಮಂಗಳೂರಿನಿಂದ ಸರಕು ತರುವ ಮಂಜಿಯಲ್ಲಿ ಕೆಲಸಕ್ಕಿದ್ದ. ಆ ಹಾಯಿ ಹಡಗು ಬರುವುದು ತೆಂಕಿನಿಂದ, ಅದೇ ಬಂಡೆಯ ಪಕ್ಕದಲ್ಲಿ. ಮಳೆಗಾಲ ಕಳೆದು ಮಂಜಿಗಳು ಕಡಲಿಗಿಳಿಯುವುದರೊಳಗೆ ದೀಪ ಉರಿಯಬೇಕೆಂದು ಸಮಿತಿ ಮಾಡಿದೆವು. ಗಂಟಲು ದೊಡ್ಡದೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನೂ ಸೇರಿಸಿಕೊಂಡರು.

ಕೆಲಸ ಚೆನ್ನಾಗಿಯೇ ನಡೆಯಿತು. ಚಿಪ್ಪು ಸುಟ್ಟು ಸುಣ್ಣ ಮಾಡಿದರು, ಗಾರೆಗೆ ಕಲಸಲು ಮನೆಮನೆಯಿಂದ ಬೆಲ್ಲ ಬಂತು. ನಮ್ಮ ಬೆಲ್ಲದ ಭರಣಿ ಇಡಿಯಾಗಿ ಗೋಡೆಗೆ ಹೋಯಿತು. ಗೋಡೆ ಸಿಹಿ ತಿಂದಿತು, ನಾನು ಸಪ್ಪೆ ಕಾಫಿ ಕುಡಿದೆ. ಅದಕ್ಕೂ ಸಿಟ್ಟು ಬಂತು, ನುಂಗಿಕೊಂಡೆ. ಮೇಲಿನ ಕೋಣೆಗೆ ಸುತ್ತ ಗಾಜು ಹಾಕಿಸಿ, ರೇಷನ್ ಸೀಮೆಎಣ್ಣೆಯಲ್ಲಿ ಉಳಿಸಿದ್ದನ್ನೆಲ್ಲ ಸುರಿದು ದೊಡ್ಡ ಬತ್ತಿಯ ದೀಪ ಇಟ್ಟೆವು. ಬೆಳಕು ದೂರ ಹೋಗಲೆಂದು ಹಿಂದೆ ಹಿತ್ತಾಳೆಯ ಹರಿವಾಣ ನಿಲ್ಲಿಸಿದೆವು. ಅಂದರೆ ಬೆಳಕು ಒಂದೇ ಕಡೆಗೆ ಬೀಳುತ್ತದೆ. ಬಂಡೆ ಇರುವ ತೆಂಕಿಗಲ್ಲದೆ ಇನ್ನೆಲ್ಲಿಗೆ?

ಸಮಿತಿಯ ಹಿರಿಯರಾದ ಮಂಜಯ್ಯನವರು ಅಡ್ಡ ಬಂದರು. "ಮನಿ ದೀಪವೇ ತೆಂಕಿಗ್ ಮುಖ ಮಾಡಿ ಇಡುದಿಲ್ಲ. ಊರ್ ದೀಪ ಇಟ್ರೆ ಯಮ ಬಿಡ್ತ್ನಾ?" ಎಂದರು. ಎಲ್ಲರೂ ತಲೆಯಾಡಿಸಿದರು. ದೀಪವನ್ನು ಬಡಗು ದಿಕ್ಕಿಗೆ ತಿರುಗಿಸುವುದೆಂದು ತೀರ್ಮಾನವಾಯಿತು. ಬಡಗಿನಲ್ಲಿದ್ದುದು ಮಂಜಯ್ಯನವರ ತೆಂಗಿನ ತೋಟ. ಪಾಪ, ತೆಂಗಿನ ಮರಗಳು ದಾರಿ ತಪ್ಪಬಾರದಲ್ಲ.

ಯಮ ಬರುವುದು ದೀಪ ನೋಡಿ ಅಲ್ಲ, ಕತ್ತಲೆ ನೋಡಿ ಎಂದು ಕೂಗಾಡಿದೆ. ಮನೆಗೆ ಬಂದರೆ ಹೆಂಡತಿಯೂ ಮಂಜಯ್ಯನವರ ಪಕ್ಷ. ತಮ್ಮ ಕಡಲಿಗಿಳಿಯುವ ಹೊತ್ತಿನಲ್ಲಿ ತೆಂಕಿಗೆ ದೀಪ ಹಚ್ಚುವ ಮಾತೇ ಬೇಡವೆಂದು ಅತ್ತಳು. ಅವನು ಕಡಲಿಗಿಳಿಯುವುದರಿಂದಲೇ ಹೇಳುತ್ತಿದ್ದೇನೆ ಎಂದು ಲೋಟ ಕುಕ್ಕಿದೆ. ನನ್ನ ಬಾಯಿಗೆ ಬೇಸತ್ತ ಸಮಿತಿ ಕೊನೆಗೆ, ತೆಂಕಿಗೇ ಇರಲಿ, ಆದರೆ ಹೇಳಿದವರೇ ಹಚ್ಚಲಿ ಎಂದಿತು.

ಶೀನನ ಮಂಜಿ ಹೊರಟಿದೆಯೆಂದು ಮಂಗಳೂರು ಬಸ್ಸಿನವರು ಸುದ್ದಿ ತಂದ ದಿನ ಸಂಜೆ ಮೆಟ್ಟಿಲು ಹತ್ತಿದೆ. ಹಿಂದೆಯೇ ಹೆಂಡತಿ ಬಂದಳು. ಊರೆಲ್ಲ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿತ್ತು. ಕಡ್ಡಿ ಗೀರಿದೆ. ಬತ್ತಿಯ ಹತ್ತಿರ ಒಯ್ಯುವಷ್ಟರಲ್ಲಿ ಆರಿತು. ಇನ್ನೊಂದೂ ಆರಿತು. ಹಾಳು ಗಾಳಿ ಎಂದು ಬೈದೆ.

"ಗಾಳಿ ಎಲ್ಲಿತ್ತ್? ನಾಕ್ ಬದಿಗೂ ಗಾಜ್ ಇತ್ತಲ್ದಾ," ಎಂದಳು ಹೆಂಡತಿ, ಕಡ್ಡಿ ಹಿಡಿದ ನನ್ನ ಕೈಯನ್ನೇ ನೋಡುತ್ತ. ಅಷ್ಟರಲ್ಲಿ ತೆಂಕಣ ಮಬ್ಬಿನಲ್ಲಿ ಹಾಯಿಯೊಂದು ಕಂಡಿತು. ಅವಳು ಬೆಂಕಿಪೆಟ್ಟಿಗೆಯನ್ನು ಕಿತ್ತುಕೊಂಡಳು.

"ಯಮ ಬಂದ್ರೆ ನಾನ್ ಮಾತಾಡ್ತೆ. ನೀವ್ ಆಚಿಗ್ ನಿಲ್ಲಿ."

ಒಂದೇ ಕಡ್ಡಿಗೆ ಹತ್ತಿತು. ಮಂಜಿ ಬಂಡೆಯನ್ನು ಬಳಸಿಕೊಂಡು ಬಂತು. ದಡಕ್ಕಿಳಿದ ಶೀನ ಎಲ್ಲರೆದುರು ನನ್ನ ಕಾಲಿಗೆ ಬಿದ್ದ. ಕಡ್ಡಿ ಗೀರಿದವರು ಯಾರೆಂದು ಕೆಳಗಿನಿಂದ ಕಾಣದ ಊರವರು ನನ್ನ ಧೈರ್ಯವನ್ನು ಹೊಗಳಿದರು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಲಿ ಎಂದು ಎಷ್ಟು ಹುಡುಕಿದರೂ ನನ್ನ ಹೊರತು ಇನ್ನೊಬ್ಬರು ಸಿಗಲಿಲ್ಲ.